ಬೋಳು ಟೈರು ಅಳೆದ ದಾರಿ

ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಗೇಜಮ್ಮ ಸ್ಪೇರ್ ಬಸ್ಸಿನ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಟೈರಿನ ಗೆರೆಯೊಳಗೆ ಗೇಜಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದಳು. ಎರಡು ಮಿಲಿಮೀಟರ್ ಬಂತು. ಹೊಸ ಟೈರಿನಲ್ಲಿ ಈ ಗೆರೆಯ ಆಳ ಹದಿನೈದು ಮಿಲಿಮೀಟರ್ ಇರುತ್ತದೆ. ಸವೆದು ಎರಡಕ್ಕೆ ಇಳಿದರೆ ಬಿಚ್ಚಿ ಹೊರಗಿಡಬೇಕು ಎನ್ನುವುದು ಡಿಪೋದ ನಿಯಮ. ಹಿಂದಿನ ಉಳಿದ ಮೂರು ಟೈರುಗಳನ್ನೂ ನೋಡಿದಳು. ಮೂರೂ ಎರಡೇ.

"ಬೇಗ ಬಿಡಮ್ಮ" ಎಂದ ಡ್ರೈವರ್, ಬಾಗಿಲಿಗೆ ಒರಗಿ ನಿಂತು. "ಆರು ಗಂಟೆಗೆ ಅಳತೆ ಇನ್ಸ್‌ಪೆಕ್ಟರ್ ಬರ್ತಾರೆ."

"ನಾಲ್ಕೂ ಬೋಳು ಕಣಣ್ಣ. ಇವನ್ನ ಬಿಚ್ಚಬೇಕು."

"ಜನ ಹತ್ತೋ ಗಾಡಿನಾ ಇದು? ಮೀಟರ್ ನೋಡ್ಕೊಂಡು ಹೋಗೋದು, ಮೀಟರ್ ನೋಡ್ಕೊಂಡು ಬರೋದು. ಬೋಳಾದ್ರೇನು, ಕೂದ್ಲಿದ್ರೇನು?"

"ನಿನ್ನ ತಲೆ ನೋಡ್ಕೊಂಡು ಟೈರಿಗೆ ನ್ಯಾಯ ಹೇಳ್ಬೇಡ."

ಡ್ರೈವರ್ ಟೋಪಿ ತೆಗೆದು ತಲೆ ಸವರಿಕೊಂಡು ನಕ್ಕ. ಗೇಜಮ್ಮ ಪ್ರತಿ ಟೈರಿನ ಪಕ್ಕೆಯ ಮೇಲೂ ಸೀಮೆಸುಣ್ಣದಿಂದ '2' ಎಂದು ಬರೆದು ಬಸ್ಸನ್ನು ಬಿಟ್ಟುಕೊಟ್ಟಳು.

ಯಾವುದಾದರೂ ಮಾರ್ಗದ ಉದ್ದ ಅಳೆಯಬೇಕಾದಾಗ ಸ್ಪೇರ್ ಬಸ್ಸೇ ಹೋಗಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಹಾಗೆ ನಡೆದು ಬಂದಿತ್ತು. ಒಳ್ಳೆ ಬಸ್ಸು ಬೆಳಗಿನಿಂದ ಜನರನ್ನು ಹೊತ್ತು ತಿರುಗುತ್ತದೆ, ಅದನ್ನು ಅಳತೆಗೆ ಕಳಿಸಿದರೆ ಒಂದು ಸುತ್ತಿನ ಟಿಕೆಟ್ ನಷ್ಟ. ಸ್ಪೇರ್ ಬಸ್ಸು ಶೆಡ್ಡಿನ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಮೂಲೆಯಲ್ಲಿ ನಿಲ್ಲುವ ಬಸ್ಸಿಗೆ ಹೊಸ ಟೈರು ಯಾರು ಹಾಕುತ್ತಾರೆ? ಬೇರೆ ಬಸ್ಸುಗಳು ಸವೆಸಿ ಬಿಟ್ಟಿದ್ದು ಅದರ ಪಾಲಿಗೆ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಗೇಜಮ್ಮನಿಗೂ ಕಂಡಿರಲಿಲ್ಲ.

ಅವಳಿಗೆ ಆಗ ನಲವತ್ತೊಂದು ವರ್ಷ. ಇಪ್ಪತ್ತನಾಲ್ಕಕ್ಕೆ ಡಿಪೋಗೆ ಕಸ ಗುಡಿಸಲು ಸೇರಿದವಳು. ಟೈರ್ ವಿಭಾಗದ ಮೇಸ್ತ್ರಿ, ಪೊರಕೆ ಹಿಡಿದ ಈ ಹೆಂಗಸು ದಿನಾ ಟೈರುಗಳ ಮುಂದೆ ನಿಂತು ನಂಬರ್ ಓದುವುದನ್ನು ನೋಡಿ, ಒಂದು ದಿನ ಕೈಗೆ ಗೇಜು ಕೊಟ್ಟರು. ಅದನ್ನು ಅವಳು ಹಿಂತಿರುಗಿಸಲೇ ಇಲ್ಲ. ಆಮೇಲೆ ಸಹಾಯಕಿಯಾದಳು, ಪರೀಕ್ಷೆ ಬರೆದು ಟೈರ್ ಫಿಟ್ಟರ್ ಆದಳು. ನೀಲಿ ಕೋಟಿನ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಯಾವಾಗಲೂ ಗೇಜು ಇರುತ್ತಿದ್ದುದರಿಂದ ಈ ಹೆಸರು ಬಂತು. ಸಂಬಳದ ಪಟ್ಟಿಯಲ್ಲಿ ಇರುವ ಹೆಸರನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಮೇಸ್ತ್ರಿ ಅವಳಿಗೆ ಮೊದಲು ಕಲಿಸಿದ್ದು ಜೋಡಿ ಟೈರಿನ ಪಾಠ. ಬಸ್ಸಿನ ಹಿಂದೆ ಎಡಕ್ಕೆ ಎರಡು, ಬಲಕ್ಕೆ ಎರಡು ಟೈರುಗಳು ಅಂಟಿಕೊಂಡಂತೆ ಕೂತಿರುತ್ತವೆ. "ಗಂಡ ಹೆಂಡ್ತಿ ಎತ್ತರ ಬೇರೆ ಇದ್ರೂ ಸಂಸಾರ ನಡೀತದೆ" ಎನ್ನುತ್ತಿದ್ದರು ಮೇಸ್ತ್ರಿ. "ಜೋಡಿ ಟೈರಿನ ಎತ್ತರ ಬೇರೆ ಇದ್ರೆ ನಡೆಯಲ್ಲ. ಸವೆದಿದ್ದು ಚಿಕ್ಕದಾಗಿರ್ತದೆ. ದೊಡ್ಡದರ ಸಮಕ್ಕೆ ದಾರಿ ಮುಗಿಸ್ಬೇಕು ಅಂದ್ರೆ ಅದು ಹೆಚ್ಚು ಸುತ್ತು ಸುತ್ತಬೇಕು. ಜೋಡಿ ಕಟ್ಟಿರೋದ್ರಿಂದ ಸುತ್ತೋಕಾಗಲ್ಲ. ಉಜ್ಜಿಕೊಂಡು ಸಾಯ್ತದೆ." ಗೇಜಮ್ಮ ಅಂದಿನಿಂದ ಒಂದು ಜೋಡಿಯನ್ನೂ ತಪ್ಪಾಗಿ ಕಟ್ಟಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಮೇಸ್ತ್ರಿ ನಿವೃತ್ತರಾದಾಗ ಅವರ ಕುರ್ಚಿಗೆ ಅವಳನ್ನೇ ತಾತ್ಕಾಲಿಕವಾಗಿ ಕೂರಿಸಿದರು. ಹುದ್ದೆ ಕಾಯಂ ಆಗುವ ಆದೇಶ ಮಾತ್ರ ಇನ್ನೂ ಬಂದಿರಲಿಲ್ಲ.

ಆ ತಿಂಗಳು ಊರಿನ ಎಲ್ಲ ಮಾರ್ಗಗಳನ್ನೂ ಮತ್ತೆ ಅಳೆಯುತ್ತಿದ್ದುದಕ್ಕೆ ಕಾರಣವಿತ್ತು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಹೊಸ ದರ. ಮುಖ್ಯ ನಿಲ್ದಾಣದಿಂದ ಹನ್ನೆರಡು ಕಿಲೋಮೀಟರಿನ ಒಳಗೆ ಇರುವ ಸ್ಟಾಪುಗಳು ನಗರ ವಲಯ, ಅದರಾಚೆಯವು ಹೊರವಲಯ. ಹೊರವಲಯದ ಟಿಕೆಟಿಗೆ ಒಂದೂವರೆ ಪಟ್ಟು. ಅಲ್ಲಿಯ ಸ್ಟಾಪಿನ ಪಕ್ಕ ಸ್ಕೂಟರ್ ನಿಲ್ಲಿಸಿ ಬಸ್ಸು ಹತ್ತುವವರಿಗೆ ನಿಲುಗಡೆ ಶುಲ್ಕವೂ ಒಂದೂವರೆ ಪಟ್ಟು. ಈ ನೋಟೀಸನ್ನು ಪ್ರತಿ ಬಸ್ಸಿನಲ್ಲೂ ಡ್ರೈವರ್ ಸೀಟಿನ ಹಿಂದೆ ಅಂಟಿಸಿದ್ದರು.

ಗೇಜಮ್ಮನ ಮನೆ ಒಂದು ಮಾರ್ಗದ ಕಡೇ ಸ್ಟಾಪಿನಲ್ಲಿತ್ತು. ಗೋಡೆಗೆ ಗೋಡೆ ತಾಗಿಕೊಂಡ ಪಕ್ಕದ ಮನೆ ಅವಳ ಅಕ್ಕನದು. ಅಕ್ಕ ಪಟ್ಟಣದ ನಡುವಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು; ದಿನಕ್ಕೆ ಎಂಟು ಗಂಟೆ, ನಿಂತೇ. ಆ ಸ್ಟಾಪಿನ ದೂರ ಹಳೆಯ ಪಟ್ಟಿಯ ಪ್ರಕಾರ ಹನ್ನೆರಡು ಪಾಯಿಂಟ್ ಎರಡು ಕಿಲೋಮೀಟರ್. ನೋಟೀಸು ಓದಿದ ದಿನ ಸಂಜೆ ಅಕ್ಕ ಬಾಗಿಲಲ್ಲಿ ಕೂತು ಪಾದ ತಿಕ್ಕಿಕೊಳ್ಳುತ್ತ ಹೇಳಿದಳು:

"ಇಲ್ಲೀತನಕ ತಿಂಗಳಿಗೆ ನಾಲ್ಕು ದಿನದ ಕೂಲಿ ನಿಮ್ಮ ಬಸ್ಸಿಗೆ ಹಾಕ್ತಿದ್ದೆ. ಇನ್ಮೇಲೆ ಆರು ದಿನದ್ದಂತೆ. ನಾನು ಮರದ ಮಿಲ್ ಸ್ಟಾಪಲ್ಲೇ ಇಳಿದು ನಡ್ಕೊಂಡು ಬರ್ತೀನಿ."

ಮರದ ಮಿಲ್ಲು ಹಿಂದಿನ ಸ್ಟಾಪು, ನಗರ ವಲಯದ ಕೊನೆಯದು. ಅಲ್ಲಿಂದ ಮನೆಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಬದಿಗೆ ತೆರೆದ ಚರಂಡಿ, ಇನ್ನೊಂದು ಬದಿಗೆ ಸಾಲಾಗಿ ನಿಂತ ಲಾರಿಗಳು, ನಡುವೆ ಓಡುವ ಲಾರಿಗಳು. ಕಾಲುದಾರಿ ಇಲ್ಲ. ಒಂಬತ್ತು ಬೀದಿದೀಪಗಳಲ್ಲಿ ಉರಿಯುವುದು ನಾಲ್ಕು.

"ಆ ರಸ್ತೇಲಾ? ಲಾರಿಗಳು ಮೈಗೆ ಉಜ್ಜಿಕೊಂಡು ಹೋಗ್ತವಲ್ಲಕ್ಕ."

"ಹೋಗ್ಲಿ ಬಿಡು. ಉಟ್ಟಿದ್ದಕ್ಕೂ ಇಸ್ತ್ರಿ ಆಗ್ತದೆ."

"ತಮಾಷೆ ಮಾಡ್ಬೇಡ."

"ಮತ್ತೇನು ಮಾಡ್ಲಿ, ಅಳ್ಲಾ? ನಿನಗೇನಮ್ಮ, ನೌಕರರ ಪಾಸಿದೆ. ಚಂದ್ರಲೋಕಕ್ಕೆ ಬಸ್ ಬಿಟ್ರೂ ನಿನಗೆ ಪುಕ್ಕಟೆ."

ಆ ರಸ್ತೆಯಲ್ಲಿ ಕತ್ತಲಾಗುವ ಹೊತ್ತಿಗೆ ಅಕ್ಕ ಒಬ್ಬಳೇ ನಡೆದು ಬರುವ ಚಿತ್ರ ಗೇಜಮ್ಮನ ಕಣ್ಣಿಂದ ಹೋಗಲಿಲ್ಲ.

ಆ ಬೆಳಗ್ಗೆ ಬೋಳು ಟೈರಿನ ಸ್ಪೇರ್ ಬಸ್ಸು ಅಳೆಯಲು ಹೋದದ್ದು ಇದೇ ಮಾರ್ಗವನ್ನು. ಹನ್ನೆರಡು ಗಂಟೆಗೆ ಅಳತೆ ಇನ್ಸ್‌ಪೆಕ್ಟರ್ ಫಾರಂ ಹಿಡಿದು ಟೈರ್ ವಿಭಾಗಕ್ಕೆ ಬಂದರು. ಪ್ರತಿ ಮಾರ್ಗಕ್ಕೂ ಒಂದು ದೂರದ ಪತ್ರ, ಅದರ ಮೇಲೆ ನಾಲ್ಕು ಸಹಿ ಬೇಕು: ಡ್ರೈವರ್, ಇನ್ಸ್‌ಪೆಕ್ಟರ್, ಟೈರ್ ವಿಭಾಗದ ಮುಖ್ಯಸ್ಥರು, ಡಿಪೋ ಮ್ಯಾನೇಜರ್. ಮೂರನೆಯ ಸಹಿಯ ಜಾಗದಲ್ಲಿ 'ಚಕ್ರಗಳ ಸ್ಥಿತಿ: ಸಮರ್ಪಕ' ಎಂದು ಮೊದಲೇ ಅಚ್ಚಾಗಿರುತ್ತದೆ. ಆ ತಿಂಗಳು ಗೇಜಮ್ಮ ಅಂಥ ಹನ್ನೊಂದು ಫಾರಂಗಳಿಗೆ ಸಹಿ ಹಾಕಿದ್ದಳು, ಒಂದನ್ನೂ ಓದದೆ.

"ಹನ್ನೆರಡು ಪಾಯಿಂಟ್ ಎರಡು" ಎಂದರು ಇನ್ಸ್‌ಪೆಕ್ಟರ್, ಸಂತೋಷದಿಂದ. ಅವರು ಅಂಗಿಯ ಕಾಲರಿಗೆ ಕರವಸ್ತ್ರ ಸುತ್ತಿಕೊಳ್ಳುವ, ಕೆಲಸದಲ್ಲಿ ಅಚ್ಚುಕಟ್ಟಾದ ಮನುಷ್ಯ. "ಹದಿನಾಲ್ಕು ವರ್ಷದ ಹಿಂದೆ ನಾನೇ ಅಳೆದಿದ್ದೆ. ಆಗಲೂ ಹನ್ನೆರಡು ಪಾಯಿಂಟ್ ಎರಡು. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅಳತೆ ಅಂದ್ರೆ ಹಾಗಿರ್ಬೇಕು."

ಗೇಜಮ್ಮ ಪೆನ್ನಿನ ಮುಚ್ಚಳ ತೆಗೆದಳು. "ಆಗ ಯಾವ ಬಸ್ಸಲ್ಲಿ ಅಳೆದ್ರಿ ಸಾರ್?"

"ಸ್ಪೇರ್ ಬಸ್ಸಲ್ಲಿ. ಇನ್ಯಾವುದ್ರಲ್ಲಿ?"

ಪೆನ್ನು ಕಾಗದಕ್ಕೆ ತಾಗಲಿಲ್ಲ. ಬಸ್ಸಿನ ಮೀಟರು ರಸ್ತೆಯನ್ನು ನೋಡುವುದಿಲ್ಲ. ಹಿಂದಿನ ಚಕ್ರ ಎಷ್ಟು ಸುತ್ತು ಸುತ್ತಿತು ಎಂದು ಎಣಿಸುತ್ತದೆ. ಟೈರು ಹೊಸದು ಎಂದು ನಂಬಿಕೊಂಡು ಅದನ್ನೇ ಕಿಲೋಮೀಟರ್ ಮಾಡಿ ತೋರಿಸುತ್ತದೆ. ಸವೆದ ಟೈರು ಚಿಕ್ಕದು. ಚಿಕ್ಕದು ಅದೇ ದಾರಿಗೆ ಹೆಚ್ಚು ಸುತ್ತು ಸುತ್ತುತ್ತದೆ. ಜೋಡಿ ಟೈರಿನ ಪಾಠವನ್ನು ನೂರು ಜನ ಸಹಾಯಕರಿಗೆ ಹೇಳಿಕೊಟ್ಟವಳಿಗೆ, ಆ ಪಾಠ ಮೀಟರಿಗೂ ಅನ್ವಯಿಸುತ್ತದೆ ಎಂಬುದು ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಅವಳು 'ಸಮರ್ಪಕ' ಎಂಬ ಪದದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ನಾಲ್ಕೂ ಎರಡು ಮಿ.ಮೀ.' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದಳು.

"ಫಾರಂ ಹಾಳು ಮಾಡಿದ್ಯಲ್ಲಮ್ಮ" ಎಂದರು ಇನ್ಸ್‌ಪೆಕ್ಟರ್.

"ಹಾಳಾಗಿಲ್ಲ ಸಾರ್, ತುಂಬಿದೀನಿ. ಈ ಟೈರಲ್ಲಿ ಮೀಟರ್ ಹೆಚ್ಚು ತೋರಿಸ್ತದೆ. ಇನ್ನೊಂದ್ಸಲ ಅಳೀಬೇಕು."

ಇನ್ಸ್‌ಪೆಕ್ಟರ್ ಹೊಸ ಫಾರಂ ತಂದರು. ಅವಳು ಮತ್ತೆ ಅಡ್ಡಗೆರೆ ಎಳೆದು ಅದನ್ನೇ ಬರೆದಳು. ಮೂರನೆಯದು ತಂದು, ಈ ಸಲ ಆ ಪದದ ಮೇಲೆ ಬೆರಳಿಟ್ಟುಕೊಂಡು ನಿಂತರು. ಅವಳು ಬೆರಳಿನ ಕೆಳಗೆ ಬರೆದಳು.

ಮಧ್ಯಾಹ್ನ ಮೂರು ಗಂಟೆಗೆ ಡಿಪೋದ ಅಂಗಳದಲ್ಲಿ ಅವಳು ಲೆಕ್ಕವನ್ನು ನೆಲದ ಮೇಲೆ ಮಾಡಿ ತೋರಿಸಿದಳು. ಹೊಸ ಟೈರು ಹಾಕಿದ ಬಸ್ಸಿನ ಹಿಂದಿನ ಚಕ್ರಕ್ಕೊಂದು, ಅದು ತಾಗಿದ ನೆಲಕ್ಕೊಂದು ಸೀಮೆಸುಣ್ಣದ ಗೆರೆ. ಡ್ರೈವರ್ ಬಸ್ಸನ್ನು ತೆವಳಿಸಿದ. ಚಕ್ರ ಸರಿಯಾಗಿ ಹತ್ತು ಸುತ್ತು ಸುತ್ತಿದಾಗ ನಿಲ್ಲಿಸಿ ಟೇಪು ಹಿಡಿದಳು: ಮೂವತ್ತೆರಡು ಮೀಟರ್. ಸ್ಪೇರ್ ಬಸ್ಸಿಗೂ ಹಾಗೆಯೇ ಹತ್ತು ಸುತ್ತು: ಮೂವತ್ತೊಂದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅಂದರೆ ಮೀಟರು ಒಂದು ಕಿಲೋಮೀಟರ್ ಎಂದು ತೋರಿಸಿದ ಕಡೆಯಲ್ಲೆಲ್ಲ ಇಪ್ಪತ್ತೈದು ಮೀಟರ್ ಸುಳ್ಳು. ಹನ್ನೆರಡು ಕಿಲೋಮೀಟರಿಗೆ ಮುನ್ನೂರು. ಕಡೇ ಸ್ಟಾಪು ಹನ್ನೆರಡು ಕಿಲೋಮೀಟರಿನ ಗೆರೆಯ ಆಚೆ ಇಲ್ಲ, ಈಚೆ ಇದೆ.

ಕೆಲಸಗಾರರು ಸುತ್ತ ನಿಂತು ನೋಡಿದರು. ಇನ್ಸ್‌ಪೆಕ್ಟರ್ ಬಗ್ಗಿ ಟೇಪನ್ನು ಎರಡು ಸಲ ಓದಿದರು. ಕಾಲರಿನ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಡಿಪೋ ಮ್ಯಾನೇಜರ್ ಮಹಡಿಯ ಕಿಟಕಿಯಿಂದಲೇ ನೋಡಿ, ಅವಳನ್ನು ಮೇಲಕ್ಕೆ ಕರೆಸಿದರು.

"ಹಾಗಾದ್ರೆ ಇಡೀ ಊರಿನ ದರಪಟ್ಟಿ ತಪ್ಪು ಅಂತೀಯಾ?"

"ನಾನು ಅಂತಿಲ್ಲ ಸಾರ್. ಸ್ಪೇರ್ ಬಸ್ಸಲ್ಲಿ ಅಳೆದಿದ್ದೆಲ್ಲ ತಪ್ಪು ಅಂತ ಚಕ್ರ ಅಂತಿದೆ."

"ಚಕ್ರಕ್ಕೆ ಬಾಯಿ ಬಂತೋ? ಒಂದನೇ ತಾರೀಕಿಗೆ ಇನ್ನು ಒಂಬತ್ತು ದಿನ. ಹನ್ನೊಂದು ಫಾರಂಗೆ ಕಣ್ಣು ಮುಚ್ಚಿ ಸಹಿ ಹಾಕಿದೋಳಿಗೆ ಹನ್ನೆರಡನೇದಕ್ಕೆ ಜ್ಞಾನೋದಯ ಆಯ್ತಾ?"

"ಹನ್ನೊಂದು ತಪ್ಪು ಮಾಡಿದೀನಿ ಸಾರ್. ಅವನ್ನೂ ವಾಪಸ್ ಕೊಡಿ, ತಿದ್ದಿ ಕೊಡ್ತೀನಿ."

ಮ್ಯಾನೇಜರ್ ಮೇಜಿನ ಮೇಲಿನ ಕಾಗದವೊಂದಕ್ಕೆ ಬೆರಳು ತಟ್ಟಿದರು. "ನೋಡು, ನಿನ್ನ ಕಾಯಂ ಆದೇಶ ನನ್ನ ಮೇಜಿನ ಮೇಲಿದೆ. ಇದನ್ನ ಕಳಿಸಲೂಬಹುದು, ನಿನ್ನನ್ನ ಬಸ್ ತೊಳೆಯೋ ಕಡೆ ಹಾಕಲೂಬಹುದು. ಯಾವುದು ಬೇಕು ನೀನೇ ಹೇಳು."

"ಅಲ್ಲೂ ಬಸ್ಸಿಗೆ ಚಕ್ರ ಇರ್ತದಲ್ಲ ಸಾರ್" ಎಂದಳು ಗೇಜಮ್ಮ. "ನೋಡ್ತೀನಿ."

ಮರುದಿನ ಅವಳ ಕೈಗೆ ನೋಟೀಸು ಬಂತು. ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ, ಸ್ವಂತ ಮನೆಯಿರುವ ಸ್ಟಾಪಿನ ದರ ಇಳಿಸಲು ಹುನ್ನಾರ ಮಾಡಿದ್ದಕ್ಕೆ ನಾಲ್ಕು ದಿನದಲ್ಲಿ ವಿಭಾಗೀಯ ಕಚೇರಿಗೆ ಬಂದು ಉತ್ತರ ಕೊಡಬೇಕು. ಮನೆಯಲ್ಲಿ ಗಂಡ ಅದನ್ನು ಓದಿದ. ಅವನು ಬಡಗಿ, ಮಾತು ಕಡಿಮೆ.

"ಚಕ್ರದ ಲೆಕ್ಕ ಚಕ್ರ ಗೊತ್ತಿದ್ದೋರಿಗೆ ಅರ್ಥ ಆಗ್ತದೆ" ಎಂದ. "ಕಚೇರೀಲಿ ಕೂತೋರಿಗೆ ರಸ್ತೆನೇ ಅಳೆದು ತೋರಿಸು."

"ಹನ್ನೆರಡು ಕಿಲೋಮೀಟರ್ ನಾನೊಬ್ಬಳೇ ಅಳೀಲಾ?"

"ಅಕ್ಕ ಇಲ್ವಾ? ಅಡುಗೆ ನಾನು ನೋಡ್ಕೋತೀನಿ."

ವಾರದ ರಜೆಯ ದಿನ ಬೆಳಗ್ಗೆ ಆರಕ್ಕೆ ಅಕ್ಕತಂಗಿಯರು ಮುಖ್ಯ ನಿಲ್ದಾಣದ ಮೊದಲ ಕಂಬದ ಬುಡದಲ್ಲಿದ್ದರು. ಎದುರು ಮನೆಯ ಗಾರೆಯವನಿಂದ ತಂದ ಐವತ್ತು ಮೀಟರಿನ ಉಕ್ಕಿನ ಟೇಪು. ಸೊನ್ನೆಯ ತುದಿ ಅಕ್ಕನ ಕೈಯಲ್ಲಿ, ಸುರುಳಿ ತಂಗಿಯ ಕೈಯಲ್ಲಿ. ಬಸ್ಸು ಹೋಗುವ ಪಕ್ಕದಲ್ಲೇ, ರಸ್ತೆಯ ಎಡ ಅಂಚು ಹಿಡಿದು ಹೊರಟರು. ತಿರುವುಗಳಲ್ಲಿ ಟೇಪನ್ನು ನೇರ ಎಳೆದರೆ ದಾರಿ ಕಡಿಮೆಯಾಗಿ ಬರುತ್ತದೆ. ಹಾಗೆ ಬಂದರೆ ತಮಗೇ ಲಾಭ, ಆದರೂ ಗೇಜಮ್ಮ ಐದೈದು ಮೀಟರಿನ ತುಂಡು ಮಾಡಿ ಅಂಚಿನ ಬಾಗಿಗೆ ಕೂರಿಸಿ ಅಳೆದಳು. ಅಕ್ಕನ ಎಡ ಜೇಬಿನಲ್ಲಿ ಲಾಂಡ್ರಿಯ ನೆಲದಲ್ಲಿ ಸಿಕ್ಕ ಅಂಗಿ ಗುಂಡಿಗಳು. ಹತ್ತು ಟೇಪು ಆದಾಗ ಒಂದು ಗುಂಡಿ ಬಲ ಜೇಬಿಗೆ. ಅಲ್ಲೇ ನೆಲದ ಮೇಲೆ ತಂಗಿ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದಳು.

ಅಂಗಡಿಯವನೊಬ್ಬ ಬಾಗಿಲಿಂದ ಇಳಿದು ಬಂದ. "ಏನಮ್ಮ, ರಸ್ತೆ ಅಗಲ ಮಾಡ್ತಾರಾ? ನನ್ನ ಮೆಟ್ಟಿಲು ಹೋಗ್ತದಾ?"

"ಗಾಬರಿ ಆಗ್ಬೇಡಿ" ಎಂದಳು ಅಕ್ಕ. "ಅಗಲ ಮಾಡ್ತಿಲ್ಲ, ಉದ್ದ ಕಮ್ಮಿ ಮಾಡ್ತಿದೀವಿ."

ಆರು ಕಿಲೋಮೀಟರಿನ ಹತ್ತಿರ ಜಗಳವಾಯಿತು. ಜೇಬಿನಲ್ಲಿ ಹನ್ನೆರಡು ಗುಂಡಿ ಇವೆ ಎಂದಳು ಅಕ್ಕ. ಹನ್ನೊಂದೇ ಆಗಬೇಕು ಎಂದಳು ತಂಗಿ.

"ಇರ್ಲಿ ಬಿಡೇ, ಹನ್ನೊಂದು ಅಂತಲೇ ಬರ್ಕೋ. ಕಮ್ಮಿ ಆದ್ರೆ ನಮಗೇ ಒಳ್ಳೇದು."

"ಅದಕ್ಕೇ ಬರ್ಕೊಳ್ಳಲ್ಲ. ಸುಳ್ಳು ಬರ್ಕೊಳ್ಳೋದಾದ್ರೆ ಆ ಫಾರಂ ಏನು ತಪ್ಪು ಮಾಡಿತ್ತು?"

ಇಬ್ಬರೂ ಹಿಂದಕ್ಕೆ ನಡೆದು ನೆಲದ ಅಂಕಿ ಹುಡುಕಿದರು. ಹನ್ನೊಂದು ಎಂದು ಬರೆದ ಕಡೆಯಿಂದ ಮತ್ತೆ ಎಳೆದರು. ಅಕ್ಕ ಹೇಳಿದ್ದೇ ಸರಿ, ಹನ್ನೆರಡು. ಮುಂದಿನ ಅರ್ಧ ಗಂಟೆ ಅಕ್ಕ ಗೆಲುವಿನ ನಡಿಗೆ ನಡೆದಳು. ಮರದ ಮಿಲ್ಲು ದಾಟಿದ ಮೇಲೆ ಲಾರಿ ಬಂದಾಗಲೆಲ್ಲ ಟೇಪು ಬಿಟ್ಟು ಚರಂಡಿಯ ಅಂಚಿಗೆ ಒತ್ತಿಕೊಂಡು ನಿಲ್ಲಬೇಕಿತ್ತು. ಒಂದು ಕಡೆ ಟೇಪಿನ ಮೇಲೆಯೇ ಲಾರಿ ಹೋಯಿತು. ಉಕ್ಕಿನ ಪಟ್ಟಿ ಠಣ್ ಎಂದು ಎದ್ದು ಅಕ್ಕನ ಕೈ ಕೊಯ್ಯಿತು. ಗೇಜಮ್ಮ ತನ್ನ ಕರವಸ್ತ್ರ ಕಟ್ಟಿದಳು. "ಇದ್ರಲ್ಲಿ ನಡೀತೀನಿ ಅಂದಿದ್ಯಲ್ಲ, ದಿನಾ" ಎಂದಳು, ಅಷ್ಟೇ.

ಮಧ್ಯಾಹ್ನ ಒಂದೂಕಾಲು ಗಂಟೆಗೆ ಕಡೇ ಸ್ಟಾಪಿನ ಕಂಬ ಮುಟ್ಟಿದರು. ಇಪ್ಪತ್ತಮೂರು ಗುಂಡಿ, ಎಂಟು ಟೇಪು, ಹನ್ನೆರಡು ಮೀಟರ್.

ವಿಭಾಗೀಯ ಕಚೇರಿಯ ಎರಡನೇ ಮಹಡಿಯಲ್ಲಿ ಸಂಚಾರ ಅಧಿಕಾರಿಯ ಕೋಣೆ. ಗೇಜಮ್ಮ ನೀಲಿ ಕೋಟು ಒಗೆದು ಹಾಕಿಕೊಂಡು ಹೋಗಿದ್ದಳು. ಅಧಿಕಾರಿಯ ಎದುರು ಡಿಪೋ ಮ್ಯಾನೇಜರ್, ಇನ್ಸ್‌ಪೆಕ್ಟರ್ ಕೂತಿದ್ದರು. ಅವಳಿಗೆ ಕುರ್ಚಿ ಇರಲಿಲ್ಲ.

"ನಿಮ್ಮ ಮನೆ ಕಡೇ ಸ್ಟಾಪಲ್ಲಿ. ಹೌದಾ?" ಎಂದು ಅಧಿಕಾರಿ ಕೇಳಿದರು. ಐವತ್ತರ ಆಸುಪಾಸಿನವರು, ಧ್ವನಿ ಎತ್ತದೆ ಮಾತಾಡುವವರು.

"ಹೌದು ಸಾರ್. ಆದ್ರೆ ನನಗೆ ಪಾಸಿದೆ. ನೀವು ಎಷ್ಟು ಪಟ್ಟು ಮಾಡಿದ್ರೂ ಸೊನ್ನೆ ಸೊನ್ನೆನೇ."

"ನಿಮ್ಮ ಅಕ್ಕನಿಗೆ ಪಾಸಿಲ್ಲ."

"ಇಲ್ಲ. ಅವಳಿಗೋಸ್ಕರನೇ ಶುರು ಮಾಡಿದ್ದು, ಮುಚ್ಚಿಡಲ್ಲ. ಅಕ್ಕನ ಮುಖ ನೋಡಿ ರಸ್ತೆ ಗಿಡ್ಡ ಆಗಲ್ಲ ಸಾರ್. ಮ್ಯಾನೇಜರ್ ಮುಖ ನೋಡಿ ಉದ್ದ ಆಗೋದೂ ಬೇಡ."

ಮ್ಯಾನೇಜರ್ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ನೋಡಿ ಸಾರ್, ಹೀಗೆ ಮಾತು. ಇವತ್ತೇ ತೊಳೆಯೋ ಕಡೆ ಹಾಕಿ, ಟೈರ್ ವಿಭಾಗಕ್ಕೆ ಬೇರೆಯವರನ್ನ ತಂದು ಸಹಿ ತಗೋತೀನಿ."

ಅಧಿಕಾರಿ ಫೈಲು ತಿರುವಿದರು. ದೂರದ ಪತ್ರಗಳಿಗೆ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಹಾಳಾದರೂ ಹರಿದು ಎಸೆಯುವಂತಿಲ್ಲ, ಫೈಲಿನಲ್ಲೇ ಇಡಬೇಕು. ಅಚ್ಚುಕಟ್ಟಾದ ಇನ್ಸ್‌ಪೆಕ್ಟರ್ ಮೂರನ್ನೂ ಒಂದರ ಹಿಂದೆ ಒಂದು ಜೋಡಿಸಿ ದಾರ ಕಟ್ಟಿದ್ದರು. ಮೂರರಲ್ಲೂ ಒಂದೇ ಕೈಬರಹ: ನಾಲ್ಕೂ ಎರಡು ಮಿ.ಮೀ.

"ಬೇರೆಯವರು ಬಂದು ಸಮರ್ಪಕ ಅಂತ ಸಹಿ ಹಾಕಿದ್ರೆ, ಈ ಮೂರರ ಪಕ್ಕ ಅದನ್ನ ಎಲ್ಲಿ ಇಡೋಣ?" ಎಂದು ಅಧಿಕಾರಿ ಮ್ಯಾನೇಜರನ್ನು ಕೇಳಿದರು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಅಂಗಳದಲ್ಲಿ ಹತ್ತು ಸುತ್ತು ಅಳೆದ್ರಂತೆ. ನೀವು ಅಲ್ಲಿದ್ರಾ?"

ಇನ್ಸ್‌ಪೆಕ್ಟರ್ ಮ್ಯಾನೇಜರನ್ನು ನೋಡಲಿಲ್ಲ. "ಇದ್ದೆ ಸಾರ್. ಟೇಪು ನಾನೇ ಓದಿದೆ. ಎಂಬತ್ತು ಸೆಂಟಿಮೀಟರ್ ವ್ಯತ್ಯಾಸ." ಕಾಲರಿನ ಕರವಸ್ತ್ರ ಸರಿಪಡಿಸಿಕೊಂಡು ಸೇರಿಸಿದರು: "ಹದಿನಾಲ್ಕು ವರ್ಷದಿಂದ ನಾನು ಅಳೆದಿದ್ದೆಲ್ಲ ಹೀಗೇ ಇರ್ಬೇಕು."

ಅಧಿಕಾರಿ ಒಂದು ಕಾಗದವನ್ನು ಗೇಜಮ್ಮನ ಕಡೆ ತಳ್ಳಿದರು. "ಇದು ಕ್ಷಮಾಪಣೆ ಪತ್ರ. ಸಹಿ ಹಾಕಿದ್ರೆ ನೋಟೀಸು ಇಲ್ಲಿಗೇ ಮುಗೀತದೆ, ನಿಮ್ಮ ಕಾಯಂ ಆದೇಶನೂ ಇವತ್ತೇ ಹೋಗ್ತದೆ. ದರಪಟ್ಟಿ ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷದ ತನಕ ಅಕ್ಕ ಲಾರಿ ರಸ್ತೇಲಿ ನಡೀಬೇಕಲ್ಲ ಸಾರ್." ಅವಳು ಕಾಗದವನ್ನು ಮುಟ್ಟಲಿಲ್ಲ. "ನಾನು ಕೇಳ್ತಿರೋದು ಒಂದು ಒಳ್ಳೆ ಬಸ್ಸು, ಒಂದು ಗಂಟೆ. ನೀವೂ ಬನ್ನಿ. ಮೀಟರ್ ಹನ್ನೆರಡು ದಾಟಿದ್ರೆ ಈ ಕಾಗದಕ್ಕೂ ಸಹಿ ಹಾಕ್ತೀನಿ, ಸಮರ್ಪಕ ಅನ್ನೋ ಕಾಗದಕ್ಕೂ ಹಾಕ್ತೀನಿ, ಪೊರಕೆನೂ ಹಿಡೀತೀನಿ. ಮೊದಲು ಹಿಡಿದಿದ್ದೇ ಅದು, ಕೈಗೆ ಹೊಸದಲ್ಲ."

"ದಾಟಲ್ಲ ಅಂತ ಅಷ್ಟು ಖಚಿತನಾ? ಎಷ್ಟಿದೆ ನಿಮ್ಮ ಪ್ರಕಾರ?"

"ಹನ್ನೊಂದು ಸಾವಿರದ ಒಂಬೈನೂರ ಹನ್ನೆರಡು ಮೀಟರ್."

"ಯಾವ ಬಸ್ಸಲ್ಲಿ ಅಳೆದ್ರಿ?"

"ಬಸ್ಸಲ್ಲಿ ಅಲ್ಲ ಸಾರ್, ಕೈಯಲ್ಲಿ. ಒಂದು ತುದಿ ನಾನು, ಇನ್ನೊಂದು ತುದಿ ಅಕ್ಕ."

ಅಧಿಕಾರಿ ಕ್ಷಮಾಪಣೆ ಪತ್ರವನ್ನು ಹಿಂದಕ್ಕೆ ಎಳೆದುಕೊಂಡು, ಮರುದಿನ ಹತ್ತು ಗಂಟೆಗೆ ಬಸ್ಸು ಸಿದ್ಧವಿರಲಿ ಎಂದರು.

ಮರುದಿನ ಹೊಸ ಟೈರಿನ ಬಸ್ಸೊಂದನ್ನು ಓಡಾಟದಿಂದ ಬಿಡಿಸಿದರು. ಗೇಜಮ್ಮ ಹಿಂದಿನ ನಾಲ್ಕು ಟೈರುಗಳ ಆಳ, ಗಾಳಿ ಎರಡನ್ನೂ ನೋಡಿ, ಅಧಿಕಾರಿಗೂ ಗೇಜು ಕೊಟ್ಟು ನೋಡಿಸಿದಳು. ಮುಖ್ಯ ನಿಲ್ದಾಣದಿಂದ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮ್ಯಾನೇಜರ್, ಇನ್ಸ್‌ಪೆಕ್ಟರ್ ಸಮೇತ ಎಲ್ಲರೂ ಹೊರಟರು. ದಾರಿಯುದ್ದಕ್ಕೂ ರಸ್ತೆಯ ಅಂಚಿನಲ್ಲಿ ಮಾಸಿದ ಸೀಮೆಸುಣ್ಣದ ಅಂಕಿಗಳು ಅಲ್ಲಲ್ಲಿ ಕಾಣುತ್ತಿದ್ದವು. ಮರದ ಮಿಲ್ಲು ದಾಟಿದಾಗ ಒಬ್ಬ ಮುದುಕ ಚರಂಡಿಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತು ಬಸ್ಸಿಗೆ ದಾರಿ ಬಿಟ್ಟ. ಅಧಿಕಾರಿ ಕಿಟಕಿಯಿಂದ ತಲೆ ಹೊರಹಾಕಿ ಅವನನ್ನು ತಿರುಗಿ ನೋಡಿದರು. ಕಡೇ ಸ್ಟಾಪಿನ ಕಂಬಕ್ಕೆ ಮುಂಬಾಗಿಲು ಸರಿಯಾಗಿ ಬಂದಾಗ ಡ್ರೈವರ್ ನಿಲ್ಲಿಸಿದ. ಎಲ್ಲರೂ ಅವನ ಭುಜದ ಮೇಲಿಂದ ಬಗ್ಗಿ ಮೀಟರ್ ನೋಡಿದರು. ಹನ್ನೊಂದು ಪಾಯಿಂಟ್ ಒಂಬತ್ತು.

ಇದರಿಂದ ಆದದ್ದು ಇಷ್ಟು. ಕಡೇ ಸ್ಟಾಪು ನಗರ ವಲಯಕ್ಕೆ ಸೇರಿತು. ಅಲ್ಲಿಯ ಟಿಕೆಟೂ ಸ್ಕೂಟರಿನ ಶುಲ್ಕವೂ ಏರಲಿಲ್ಲ, ಅಕ್ಕ ಇವತ್ತಿಗೂ ಮನೆಯ ಮುಂದೆಯೇ ಇಳಿಯುತ್ತಾಳೆ. ಗೇಜಮ್ಮ ಸಹಿ ಹಾಕಿದ್ದ ಹನ್ನೊಂದು ಮಾರ್ಗಗಳನ್ನು ಮತ್ತೆ ಅಳೆದರು, ಇನ್ನೂ ಮೂರು ಸ್ಟಾಪುಗಳು ಗೆರೆಯ ಒಳಗೆ ಬಂದವು. ಹೊಸ ದರ ಒಂದನೇ ತಾರೀಕಿಗೆ ಬರಲಿಲ್ಲ, ಎರಡು ತಿಂಗಳು ತಡವಾಯಿತು. ಫಾರಂನಲ್ಲಿ 'ಸಮರ್ಪಕ' ಹೋಗಿ ನಾಲ್ಕು ಖಾಲಿ ಚೌಕಗಳು ಬಂದವು, ಮಿಲಿಮೀಟರ್ ತುಂಬಲು. ಅವಳ ಕಾಯಂ ಆದೇಶವನ್ನು ಮ್ಯಾನೇಜರ್ ಒಂದು ವರ್ಷ ಒಂದು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡರು. ಅವಳು ಕೇಳಲು ಹೋಗಲಿಲ್ಲ.

ಆ ದಿನ ಬಸ್ಸಿನಲ್ಲಿ ಇನ್ಸ್‌ಪೆಕ್ಟರ್ ಫಾರಂ ತುಂಬಿದರು, ಗೇಜಮ್ಮ ಮೂರನೆಯ ಜಾಗದಲ್ಲಿ ಸಹಿ ಹಾಕಿದಳು. ಮ್ಯಾನೇಜರ್ ಸಹಿ ಹಾಕುವಾಗ ಪೆನ್ನಿನಲ್ಲಿ ಶಾಯಿ ಬರದೆ ಎರಡು ಸಲ ಕೊಡವಬೇಕಾಯಿತು. ಅಧಿಕಾರಿ ಕೆಳಗಿಳಿದು ಕಂಬದ ಪಕ್ಕ ನಿಂತು ಹಿಂದಿನ ದಾರಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ತರಹದ ನಗು ಇತ್ತು.

"ಹನ್ನೆರಡಕ್ಕೆ ನೂರು ಮೀಟರ್ ಕಮ್ಮಿ" ಎಂದರು. "ಇಷ್ಟೆಲ್ಲ ರಾದ್ಧಾಂತ ಒಂದು ನೂರು ಮೀಟರಿಗಾ?"

"ನೂರಲ್ಲ ಸಾರ್" ಎಂದಳು ಗೇಜಮ್ಮ. "ಎಂಬತ್ತೆಂಟು."